ಒಂಬತ್ತು ಸುಳ್ಳು ಸಹಿ

ಆಗಸ್ಟ್ 5

ಆರು ಹೊಸ ಸಿರಿಂಜ್ ಪಂಪು ಬಂದವು. ದುಬೈಯಲ್ಲಿರುವ ನಮ್ಮೂರಿನವರ ಸಂಘ ಕೊಟ್ಟದ್ದು. ಔಷಧವನ್ನು ಗಂಟೆಗೆ ಇಷ್ಟೇ ಎಂದು ಅಳೆದು ರೋಗಿಯ ರಕ್ತನಾಳಕ್ಕೆ ಬಿಡುವ ಯಂತ್ರ. ಹಳೆಯವು ಹದಿನಾಲ್ಕು ವರ್ಷ ದುಡಿದು ಈಗ ಕೆಮ್ಮುತ್ತಿದ್ದವು. ಅಧ್ಯಕ್ಷ ದಿವಾಕರನ್ ಮಾಷ್ ಪಂಪಿನ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡರು. ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಗಣಿತ ಹೇಳಿದವರು, ಈಗ ಸಹಕಾರಿ ಆಸ್ಪತ್ರೆಯ ಚುನಾವಣೆ ಗೆದ್ದು ನಮಗೆ ಹೇಳುತ್ತಿದ್ದಾರೆ.

ಕಂಪನಿಯವನು ನಾಡಿದ್ದಿನಿಂದ ಎರಡು ದಿನ ಬಂದು ಕಲಿಸುತ್ತಾನಂತೆ. ಐಸಿಯುವಿನಲ್ಲಿ ಹದಿನಾರು ನರ್ಸ್ ಇರಬೇಕಾದಲ್ಲಿ ಹನ್ನೊಂದು ಜನ ಇದ್ದಾರೆ. ಅವರನ್ನು ಕಲಿಯಲು ಕೂರಿಸಿದರೆ ಆ ಎರಡು ದಿನಕ್ಕೆ ಹೊರಗಿನಿಂದ ನರ್ಸುಗಳನ್ನು ಕರೆಸಬೇಕು. ನರ್ಸುಗಳ ಮೇಲ್ವಿಚಾರಕಿ ನಾನು; ನನ್ನನ್ನು ಏಚಿ, ಅಂದರೆ ಅಕ್ಕ, ಎನ್ನುವ ಕಾರ್ಯದರ್ಶಿ ಪವಿತ್ರನ್ ಹತ್ತಿರ ಹೋಗಿ ಕೇಳಿದೆ.

"ತರಬೇತಿ ದುಡ್ಡು ಎಲ್ಲಿದೆ ವನಜೇಚಿ? ಎದುರುಬಾಗಿಲಿಗೆ ಗಾಜು ಹಾಕಿಸಿದ್ದು ನೋಡಿಲ್ವಾ? ಅದೇ ಆ ದುಡ್ಡು. ತಪಾಸಣೆಗೆ ಬರೋರು ಮೊದ್ಲು ನೋಡೋದು ಬಾಗಿಲು."

"ಹುಡುಗೀರಿಗೆ ಕಲಿಸೋದು ಬೇಡ್ವಾ ಹಾಗಾದ್ರೆ?"

"ಕಲಿಸಿ ಕಲಿಸಿ ಐರ್ಲೆಂಡಿಗೆ ಕಳಿಸಿದ್ದಾಯ್ತು. ಮೇ ತಿಂಗಳಿಂದ ಎಷ್ಟು ಜನ ಹೋದ್ರು ಹೇಳಿ. ಇದು ಆಸ್ಪತ್ರೆಯೋ ವಿಮಾನ ನಿಲ್ದಾಣವೋ?"

ನಾನೂ ನಕ್ಕೆ. ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಗುಣಮಟ್ಟದ ಪ್ರಮಾಣಪತ್ರ ಸಿಕ್ಕಿದರೆ ವಿಮೆಯವರು ಕೊಡುವ ದರ ಏರುತ್ತದೆ, ಸಂಬಳ ಹತ್ತನೇ ತಾರೀಕಿನವರೆಗೆ ಎಳೆಯುವುದು ನಿಲ್ಲುತ್ತದೆ. ಓಣಂ ಬೋನಸ್ಸೂ ಅದನ್ನೇ ನಂಬಿಕೊಂಡಿದೆ. ಇಬ್ಬರನ್ನು ಕಳಿಸುವುದು, ಅವರು ಉಳಿದವರಿಗೆ ಹೇಳಿಕೊಡುವುದು ಎಂದು ತೀರ್ಮಾನವಾಯಿತು.

ಆಗಸ್ಟ್ 9

ತರಬೇತಿ ಪುಸ್ತಕ ಸಿದ್ಧವಾಯಿತು. ಕಂಪನಿಯವನು ಇಬ್ಬರಿಗೆ ಮುಕ್ಕಾಲು ಗಂಟೆ ತೋರಿಸಿ, ಕ್ಯಾಂಟೀನಿನಲ್ಲಿ ಮೀನು ಸಾರಿನ ಊಟ ಹೊಡೆದು ಹೋದ. ಪುಸ್ತಕದಲ್ಲಿ ಎರಡು ದಿನದ ತರಬೇತಿ ಎಂದಿದೆ, ಕೆಳಗೆ ಹನ್ನೊಂದು ಸಹಿ. ಎಲ್ಲ ಒಂದೇ ಪೆನ್ನಿನಲ್ಲಿದ್ದರೆ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ನೀಲಿ ಕಪ್ಪು ಎರಡೂ ಬಳಕೆಯಾದವು. ಇಂಥ ಕೆಲಸ ಅಚ್ಚುಕಟ್ಟಾಗಿ ಆಗಬೇಕು. ಹಾಸಿಗೆಯ ಮೂಲೆ ಮಡಿಸುವುದರಿಂದ ಹಿಡಿದು ಯಾವುದರಲ್ಲೂ ಅರೆಬರೆ ನನಗಾಗದು.

ಎಲ್ಲರೂ ಬಾಯಿ ಮುಚ್ಚಿಕೊಂಡು ಸಹಿ ಹಾಕಿದರು, ಮಲೆಯ ಕಡೆಯ ಆ ಹುಡುಗಿ ಜಿಸ್ಮಿ ಒಬ್ಬಳನ್ನು ಬಿಟ್ಟು. ಸೇರಿ ಎಂಟು ತಿಂಗಳಾಗಿಲ್ಲ, ಪ್ರಶ್ನೆಗಳಿಗೇನೂ ಬರವಿಲ್ಲ.

"ಮೇಡಂ, ಆ ಎರಡು ದಿನವೂ ನಾನು ವಾರ್ಡಿನಲ್ಲೇ ಇದ್ದೆ."

"ಗೊತ್ತು. ಡ್ಯೂಟಿ ಹಾಕಿದ್ದೇ ನಾನು."

"ಮತ್ತೆ ಸಹಿ?"

"ಆಮೇಲೆ ನಾನೇ ಕೂರಿಸ್ಕೊಂಡು ಹೇಳ್ಕೊಡ್ತೀನಿ. ಈಗ ಹಾಕು ಮಗಳೇ. ನಿನ್ನ ಅಪ್ಪನ ರಬ್ಬರ್ ತೋಟ ಏನೂ ಬರೆಸ್ಕೊಳ್ತಿಲ್ಲ."

ಹಾಕಿದಳು. ಉಳಿದ ಹುಡುಗಿಯರು ನಕ್ಕರು.

ಆಗಸ್ಟ್ 14

ತಪಾಸಣೆ ಮುಗಿಯಿತು. ಬಂದವರಿಗೆ ಬಾಳೆಹಣ್ಣಿನ ಪಳಂಪೊರಿ ಬಜ್ಜಿ, ಚಹಾ, ಹೊರಡುವಾಗ ಒಂದೊಂದು ಕೈಮಗ್ಗದ ಪಂಚೆ. ಅವರಲ್ಲಿ ಹಿರಿಯ ಹೆಂಗಸು ತರಬೇತಿ ಪುಸ್ತಕ ತಿರುವಿ ನೋಡಿ, "ಇಷ್ಟು ಚೊಕ್ಕವಾಗಿ ಇಟ್ಟದ್ದನ್ನು ಈ ಜಿಲ್ಲೆಯಲ್ಲೇ ನೋಡಿಲ್ಲ" ಎಂದರು. ಪವಿತ್ರನ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೇ ಆಯಿತು.

ಕಲಿತ ಇಬ್ಬರಲ್ಲಿ ಒಬ್ಬಳು ರಾಜೀನಾಮೆ ಕೊಟ್ಟಳು, ಮುಂದಿನ ತಿಂಗಳು ಡಬ್ಲಿನ್‌ಗೆ. ಉಳಿದವರಿಗೆ ಹೇಳಿಕೊಡುವುದು ಈ ವಾರ ಆಗಲಿಲ್ಲ. ಮುಂದಿನ ವಾರ ನೋಡಬೇಕು.

ಆಗಸ್ಟ್ 28

ಏನಾಯಿತೆಂದು ಕ್ರಮವಾಗಿ ಬರೆದಿಡುತ್ತೇನೆ. ಇಲ್ಲದಿದ್ದರೆ ನಾಳೆ ಬೇರೆ ಥರ ನೆನಪಾದೀತು.

ಮೂರನೇ ಹಾಸಿಗೆಯಲ್ಲಿ ಊರಿಗೆಲ್ಲ ಅಣ್ಣನಾದ ಕುಂಞಂಬು ಏಟ್ಟ, ಎಪ್ಪತ್ತೆರಡು ವರ್ಷ, ಕೈಮಗ್ಗ ಸಂಘದಲ್ಲಿ ನೇಯುತ್ತಿದ್ದವರು. ಈ ಆಸ್ಪತ್ರೆ ಕಟ್ಟುವಾಗ ಹತ್ತು ರೂಪಾಯಿಯ ಷೇರು ಕೊಂಡ ಮೊದಲ ನೂರು ಜನರಲ್ಲಿ ಒಬ್ಬರು. ದಾಖಲಾದ ದಿನ, "ಇದು ನನ್ನ ಆಸ್ಪತ್ರೆ ಕಣ್ರೋ. ಸರಿಯಾಗಿ ನೋಡ್ಕೊಳ್ಳದಿದ್ರೆ ಎಲ್ರನ್ನೂ ಕೆಲಸದಿಂದ ತೆಗೆದುಹಾಕ್ತೀನಿ" ಎಂದು ನಗಿಸಿದ್ದರು. ಕಾಲಿನ ಹುಣ್ಣು ಕೀವಾಗಿ ಸಕ್ಕರೆ ಏರಿತ್ತು. ಪಂಪಿನಲ್ಲಿ ಇನ್ಸುಲಿನ್, ಗಂಟೆಗೆ ಎರಡು ಮಿಲಿ.

ಹಳೆಯ ಪಂಪಿನಲ್ಲಿ ಎರಡು ಬೇಕಾದರೆ ಎರಡು, ಸೊನ್ನೆ ಎಂದು ಒತ್ತಬೇಕಿತ್ತು. ಕೊನೆಯ ಅಂಕಿಯನ್ನು ಅದು ತಾನಾಗಿ ದಶಮಾಂಶದ ಚುಕ್ಕೆಯ ಆಚೆಗೆ ಇಟ್ಟುಕೊಳ್ಳುತ್ತಿತ್ತು. ಹೊಸದು ಹಾಗಲ್ಲ, ಒತ್ತಿದ್ದು ಒತ್ತಿದಂತೆಯೇ. ಮಧ್ಯಾಹ್ನ ಒಂದೂವರೆಗೆ ಜಿಸ್ಮಿ, ಅವತ್ತೇ ಬಳಕೆಗೆ ಇಳಿಸಿದ ಹೊಸ ಪಂಪಿಗೆ ಸಿರಿಂಜ್ ಏರಿಸಿ, ಅಭ್ಯಾಸದಂತೆ ಎರಡು, ಸೊನ್ನೆ ಒತ್ತಿದಳು. ಗಂಟೆಗೆ ಇಪ್ಪತ್ತು ಹೋಗತೊಡಗಿತು.

ಐದು ರೋಗಿಗಳಿಗೆ ಅವಳೊಬ್ಬಳು. ಎರಡು ಗಂಟೆಗೆ ಐದನೇ ಹಾಸಿಗೆಯವರ ಹೃದಯ ನಿಂತಿತು, ಎಲ್ಲರೂ ಅಲ್ಲಿಗೆ ಓಡಿದರು. ಗಂಟೆಗೊಮ್ಮೆ ಸಕ್ಕರೆ ಪರೀಕ್ಷಿಸುವುದು ಎರಡು ಸಲ ತಪ್ಪಿತು. ನಾಲ್ಕಕ್ಕೆ ಸಿರಿಂಜ್ ಖಾಲಿಯಾಗಿ ಯಂತ್ರ ಕೂಗಿಕೊಂಡಿತು. ಇಡೀ ದಿನಕ್ಕೆ ಬರಬೇಕಾದ ಔಷಧ ಎರಡೂವರೆ ಗಂಟೆಯಲ್ಲಿ ಮುಗಿದಿತ್ತು. ರೋಗಿಗಳನ್ನು ನೋಡಲು ಬಿಡುವ ಹೊತ್ತು ಅದು. ಕುಂಞಂಬು ಏಟ್ಟನ ಹೆಂಡತಿ ಮಾಧವಿ ಅಮ್ಮ ನನ್ನ ಕೈ ಹಿಡಿದು, "ಸಿಸ್ಟರ್, ಇವ್ರ ಮೈಯೆಲ್ಲ ಬೆವರಿ ಒದ್ದೆ. ಕರೆದ್ರೆ ಕಣ್ಣೇ ಬಿಡ್ತಿಲ್ಲ" ಎಂದರು. ನೋಡುನೋಡುತ್ತಿದ್ದಂತೆ ಏಟ್ಟನ ಮೈ ಸೆಟೆದುಕೊಂಡು ನಡುಗಿತು.

ಗ್ಲೂಕೋಸ್ ಕೊಟ್ಟೆವು. ಸಕ್ಕರೆ ಏರಿತು, ಕಣ್ಣು ತೆರೆಯಲಿಲ್ಲ.

ಆಮೇಲೆ ನಾನು ನನ್ನ ಕೋಣೆಗೆ ಹೋಗಿ ತರಬೇತಿ ಪುಸ್ತಕ ಕಪಾಟಿನಲ್ಲಿದೆಯೇ ಎಂದು ನೋಡಿದೆ. ಇತ್ತು. ಸಮಾಧಾನವಾಯಿತು. ಆ ಸಮಾಧಾನದ ಬಗ್ಗೆ ಇವತ್ತು ಬರೆಯಲಾರೆ.

ಆಗಸ್ಟ್ 31

ಕಣ್ಣು ಬಿಟ್ಟರು. ಹೆಂಡತಿಯನ್ನು "ಅಮ್ಮಾ" ಎಂದು ಕರೆಯುತ್ತಿದ್ದಾರೆ. ಚಮಚ ಕೈಗೆ ಕೊಟ್ಟರೆ ಅದನ್ನೇನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಅಷ್ಟು ಹೊತ್ತು ಸಕ್ಕರೆ ಸಿಗದೆ ಮಿದುಳು ಸೊರಗಿದೆ, ಸ್ವಲ್ಪ ಸುಧಾರಿಸಬಹುದು, ಪೂರ್ತಿ ಆಗಲಿಕ್ಕಿಲ್ಲ ಎಂದರು ಡಾಕ್ಟರ್.

ಸೆಪ್ಟೆಂಬರ್ 2

ವಿಚಾರಣೆ. ಮಾಷ್, ಪವಿತ್ರನ್, ಡಾಕ್ಟರ್, ನಾನು. ಎದುರಿಗೆ ಸ್ಟೂಲಿನ ಮೇಲೆ ಜಿಸ್ಮಿ. ನಡುವೆ ಮೇಜು, ಮೇಜಿನ ಮೇಲೆ ಆ ಪುಸ್ತಕ.

"ಇದು ನಿನ್ನ ಸಹಿಯಾ?" ಮಾಷ್ ಕೇಳಿದರು.

"ಹೌದು ಸರ್."

"ಎರಡು ದಿನ ಕೂರಿಸಿ ಕಲಿಸಿದ್ದಾರೆ. ಆದ್ರೂ ಎರಡಕ್ಕೂ ಇಪ್ಪತ್ತಕ್ಕೂ ವ್ಯತ್ಯಾಸ ಗೊತ್ತಾಗ್ಲಿಲ್ವಾ? ಎಲ್ಲಿತ್ತು ನಿನ್ನ ತಲೆ?"

ಅವಳು ನನ್ನನ್ನು ನೋಡಿದಳು. ನಾನು ಚಹಾದ ಲೋಟ ನೋಡಿದೆ. ಮಾತಾಡಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವಳೇ ಹೇಳಿದಳು ಎಂದು ಬರೆಯಲು ಹೊರಟಿದ್ದೆ. ಹಾಗೇನೂ ಇಲ್ಲ, ತೆರೆದಿರಲಿಲ್ಲ.

"ಗೊತ್ತಾಗ್ಬೇಕಿತ್ತು ಸರ್" ಎಂದಳು ಅವಳು.

ಅವಳ ಅನುಭವ ಪತ್ರಕ್ಕೆ ಸಹಿ ಹಾಕಬೇಕಾದವಳು ನಾನು. ಅದಿಲ್ಲದೆ ಇನ್ನೆಲ್ಲೂ ಒಳ್ಳೆಯ ಕೆಲಸ ಸಿಗದು. ಅದು ಅವಳಿಗೂ ಗೊತ್ತು. ಅಮಾನತು ಎಂದು ಬರೆದುಕೊಟ್ಟರು. ಅವಳು ಕುರ್ಚಿಗಳನ್ನೆಲ್ಲ ನೋಡಿ ಯಾರಿಗೆ ಎಂದು ಗೊತ್ತಾಗದೆ ಕೈ ಮುಗಿದು ಹೊರಟಳು.

ಪವಿತ್ರನ್ ಪುಸ್ತಕ ತಟ್ಟಿ, "ಇದೊಂದು ನಮ್ಮನ್ನ ಉಳಿಸ್ತು ವನಜೇಚಿ. ನಿಮ್ಮ ಅಚ್ಚುಕಟ್ಟು ಅಂದ್ರೆ ಅಚ್ಚುಕಟ್ಟು" ಎಂದ.

ಪುಸ್ತಕವನ್ನು ನಾನೇ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಸೆಪ್ಟೆಂಬರ್ 6

ಬಸ್ ನಿಲ್ದಾಣದಲ್ಲಿ ಜಿಸ್ಮಿ ಸಿಕ್ಕಿದಳು. ಹಾಸ್ಟೆಲ್ ಬಿಡಿಸಿದ್ದಾರೆ, ಕಾಲ ಬಳಿ ಟ್ರಂಕು. ಕಾಣದಂತೆ ದಾಟಿಹೋಗೋಣ ಎಂದುಕೊಂಡೆ. ಅವಳೇ ಎದ್ದು ನಿಂತಳು. ಅಮಾನತಾದರೂ ಮೇಲಿನವರನ್ನು ಕಂಡರೆ ಎದ್ದು ನಿಲ್ಲುವ ಅಭ್ಯಾಸ ಬಿಟ್ಟಿಲ್ಲ.

"ಅಪ್ಪಂಗೆ ಇನ್ನೂ ಹೇಳಿಲ್ಲ ಮೇಡಂ. ಓಣಂ ರಜೆ ಅಂತ ಅಂದ್ಕೊಂಡಿದ್ದಾರೆ."

"ಊಟ ಆಯ್ತಾ?" ಎಂದೆ. ಬೇರೇನು ಕೇಳಲಿ?

"ಮೂರನೇ ಹಾಸಿಗೆಯ ಆ ಅಪ್ಪಚ್ಚನ್ ಹೇಗಿದ್ದಾರೆ? ಮಾತಾಡ್ತಾರಾ?"

"ಸ್ವಲ್ಪ."

"ಅವತ್ತು ಪಂಪು ಹೊಸದು, ನಂಗೆ ಬರಲ್ಲ ಅಂತ ಹೇಳ್ಬೇಕಿತ್ತು ನಾನು. ಹೇಳಿದ್ರೆ ಬೈತೀರಿ ಅಂತ ಸುಮ್ನಾದೆ. ತಪ್ಪು ನಂದೇ ಮೇಡಂ."

ನನಗೆ ಮೊದಲು ಆದದ್ದು ಹಗುರ. ತಪ್ಪು ತನ್ನದೆಂದು ಅವಳೇ ಒಪ್ಪಿಕೊಂಡಳಲ್ಲ ಎಂದು. ಬಸ್ಸು ಬಂತು, ಟ್ರಂಕನ್ನು ಒಂದು ಕೈ ಹಿಡಿದು ಹತ್ತಿಸಿದೆ. ಬಸ್ಸು ತಿರುವು ದಾಟುವ ಹೊತ್ತಿಗೆ ಆ ಹಗುರಕ್ಕೆ ನನ್ನ ಮೇಲೆ ನನಗೇ ಅಸಹ್ಯ ಬಂತು. ಬೈತೀರಿ ಅಂತ, ಎಂದಳು. ಹೌದು, ಬೈಯುತ್ತಿದ್ದೆ.

ಸೆಪ್ಟೆಂಬರ್ 10

ಬೆಳಿಗ್ಗೆ ಖಾಲಿ ಹಾಸಿಗೆಯ ಬಳಿ ಹೊಸ ಪಂಪು ಇತ್ತು. ಗಂಟೆಗೆ ಎರಡು ಎಂದುಕೊಂಡು ಒತ್ತಿದೆ. ಬೆರಳು ತಾನಾಗಿ ಎರಡು ಒತ್ತಿ, ಸೊನ್ನೆಗೆ ಹೋಯಿತು. ಪರದೆಯ ಮೇಲೆ ಇಪ್ಪತ್ತು.

ಎಲ್ಲ ಗೊತ್ತಿದ್ದೂ. ಮೂವತ್ತೊಂದು ವರ್ಷದ ಕೈ.

ಸೆಪ್ಟೆಂಬರ್ 12

ಕಂಪನಿಯವನಿಗೆ ಫೋನು ಮಾಡಿ ಒಂದು ತಾಸು ಕೊರೆದು ಎಲ್ಲ ಕಲಿತೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಐಸಿಯುವಿನ ಹುಡುಗಿಯರನ್ನು ಮೂವರಂತೆ ಕರೆದು ನೀರು ತುಂಬಿದ ಸಿರಿಂಜಿನಲ್ಲಿ ಮಾಡಿಸಿದೆ. ಈಗಿರುವ ಒಂಬತ್ತು ಜನರಲ್ಲಿ ಆರು ಜನ ಮೊದಲ ಸಲಕ್ಕೇ ಇಪ್ಪತ್ತು ಒತ್ತಿದರು. ಎರಡು ವಾರದಿಂದ ಇದೇ ಕೈಗಳು ಇದೇ ಪಂಪುಗಳನ್ನು ನಡೆಸಿವೆ.

"ಪುಸ್ತಕದಲ್ಲಿ ಸಹಿ ಬೇಡ್ವಾ ಮೇಡಂ?" ಒಬ್ಬಳು ಕೇಳಿದಳು.

"ಸಹಿ ಗಿಹಿ ಬೇಡ. ಇನ್ನೊಂದ್ಸಲ ಒತ್ತಿ ತೋರ್ಸು."

ಒಬ್ಬೊಬ್ಬರಿಗೆ ಹಿಡಿದದ್ದು ಹನ್ನೆರಡು ನಿಮಿಷ. ಗಡಿಯಾರ ನೋಡಿ ಲೆಕ್ಕ ಇಟ್ಟೆ. ಹೊರಗಿನ ನರ್ಸು ಬೇಕಿರಲಿಲ್ಲ, ದುಡ್ಡೂ ಬೇಕಿರಲಿಲ್ಲ. ಜಿಸ್ಮಿಗೂ ಹನ್ನೆರಡು ನಿಮಿಷ ಸಾಕಿತ್ತು. ಆಮೇಲೆ ಹೇಳಿಕೊಡುತ್ತೇನೆ ಎಂದವಳು ನಾನು, ಹತ್ತೊಂಬತ್ತು ದಿನ ನನ್ನ ಕೈಯಲ್ಲಿದ್ದವು.

ಪವಿತ್ರನ್ ಬಾಗಿಲಲ್ಲಿ ನಿಂತು ನೋಡಿದ. "ಈಗ ಕಲಿಸ್ತಾ ಕೂತ್ರೆ ಮೊದ್ಲು ಕಲಿಸಿಲ್ಲ ಅಂತ ಅರ್ಥ ಆಗಲ್ವಾ ಏಚಿ? ಸ್ವಲ್ಪ ತಲೆ ಓಡ್ಸಿ" ಎಂದ. ನಾನು ಬಾಗಿಲು ಮುಚ್ಚಿದೆ.

ಸೆಪ್ಟೆಂಬರ್ 15, ತಿರುವೋಣಂ

ಎಲೆ ಊಟ ಮುಗಿಸಿ, ಒಂದು ಪಾತ್ರೆ ಪಾಯಸ ಹಿಡಿದು ಕುಂಞಂಬು ಏಟ್ಟನ ಮನೆಗೆ ಹೋದೆ. ಸಹಿಯ ವಿಷಯ ಹೇಳಿಯೇ ಬಿಡಬೇಕೆಂದು ಹೋದದ್ದು. ಅಂಗಳದಲ್ಲಿ ಹೂವಿನ ರಂಗೋಲಿ ಇರಲಿಲ್ಲ. ಅವರು ಜಗಲಿಯಲ್ಲಿ ಕೂತಿದ್ದರು, ಕೊರಳಿಗೆ ಮೈ ಒರೆಸುವ ತೋರ್ತು ಕಟ್ಟಿತ್ತು. ಮಾಧವಿ ಅಮ್ಮ ಅನ್ನ ಕಲಸಿ ಉಂಡೆ ಮಾಡಿ ಬಾಯಿಗಿಡುತ್ತಿದ್ದರು.

"ಆಸ್ಪತ್ರೆಯಿಂದ ಒಂದು ನಾಯಿನೂ ಈ ಕಡೆ ಬಂದಿಲ್ಲ. ನೀವೊಬ್ರಾದ್ರೂ ಬಂದ್ರಲ್ಲ" ಎಂದು ಅವರು ನನಗೆ ಮಣೆ ಹಾಕಿದರು. "ನೋಡಿ, ಯಾರು ಬಂದಿದ್ದಾರೆ" ಎಂದು ಗಂಡನಿಗೆ ಹೇಳಿದರು. ಅವರು ನನ್ನನ್ನು ನೋಡಿ ನಕ್ಕರು. ಯಾರನ್ನು ಕಂಡರೂ ಈಗ ಹಾಗೆಯೇ ನಗುತ್ತಾರಂತೆ.

"ರಾತ್ರಿ ಹಗಲು ಇವ್ರದ್ದೇ. ಮಗ್ಗ ಇದ್ದ ಕೋಣೆಯಲ್ಲೇ ಮಲಗಿಸ್ತೀನಿ. ಆ ಜಾಗ ಮಾತ್ರ ಗುರುತು ಸಿಗುತ್ತೆ ಅನ್ಸುತ್ತೆ" ಎಂದರು ಮಾಧವಿ ಅಮ್ಮ.

ಪಾಯಸ ಚೆನ್ನಾಗಿದೆ ಎಂದರು. ಹೇಳಬೇಕಾದದ್ದು ಹೇಳದೆ ಮಣೆಯ ಮೇಲೆ ಅರ್ಧ ಗಂಟೆ ಕೂತು, ಅವರ ಕೈಯಿಂದ ಚಹಾ ಕುಡಿದು, ಒಳ್ಳೆಯವಳು ಎನ್ನಿಸಿಕೊಂಡು ಬಂದೆ. ಇದಕ್ಕಿಂತ ಹೋಗದಿರುವುದೇ ಮೇಲಿತ್ತು.

ಸೆಪ್ಟೆಂಬರ್ 24

ಪವಿತ್ರನ್ ಒಂದು ಕಾಗದ ಕೊಟ್ಟ. ನರ್ಸಿಂಗ್ ಕೌನ್ಸಿಲ್‌ಗೆ ದೂರು: ಪೂರ್ಣ ತರಬೇತಿ ಪಡೆದಿದ್ದರೂ ನಿರ್ಲಕ್ಷ್ಯದಿಂದ, ಇತ್ಯಾದಿ. ಮೇಲ್ವಿಚಾರಕಿಯಾಗಿ ನನ್ನ ಸಹಿ ಬೇಕು. ಇದು ಹೋದರೆ ಜಿಸ್ಮಿಯ ನೋಂದಣಿ ಹೋಗುತ್ತದೆ, ಮತ್ತೆ ಎಲ್ಲೂ ನರ್ಸ್ ಆಗುವಂತಿಲ್ಲ.

"ಭಾನುವಾರ ಮಹಾಸಭೆ. ಅಷ್ಟರೊಳಗೆ ಹಾಕಿ ಕೊಡಿ. ಸದಸ್ಯರಿಗೆ ಕ್ರಮ ಕೈಗೊಂಡಿದ್ದೀವಿ ಅಂತ ಹೇಳ್ಬೇಕು."

"ಪವಿತ್ರಾ, ಅವಳಿಗೆ ನಾವು ಕಲಿಸಿಲ್ಲ."

ಅವನು ಬಾಗಿಲು ಹಾಕಿ ಬಂದು ಕೂತ. ಕೂಗಾಡಲಿಲ್ಲ. ಅವನ ಕಣ್ಣ ಕೆಳಗೂ ಕಪ್ಪಾಗಿದೆ. "ಆ ಪುಸ್ತಕ ಸುಳ್ಳು ಅಂತಾದ್ರೆ ಪ್ರಮಾಣಪತ್ರ ಹೋಯ್ತು. ಅದು ಹೋದ್ರೆ ವಿಮೆ ದರ ಹೋಯ್ತು. ನೂರ ನಲ್ವತ್ತು ಜನಕ್ಕೆ ಸಂಬಳ ಎಲ್ಲಿಂದ ತರ್ಲಿ? ಒಬ್ಬಳೋ, ನೂರ ನಲ್ವತ್ತು ಜನವೋ, ನೀವೇ ಹೇಳಿ. ನಿಮಗೂ ಮಾರ್ಚಿಗೆ ನಿವೃತ್ತಿ. ಗ್ರಾಚ್ಯುಟಿ ಬೇಡ್ವಾ?"

ಕಾಗದ ಚೀಲದಲ್ಲಿಟ್ಟುಕೊಂಡು ಬಂದೆ.

ಮನೆಯವರಿಗೆ ಎಲ್ಲ ಹೇಳಿದೆ. ಈ ಮನುಷ್ಯ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಕೇಳಿ, "ದುಡ್ಡು ತಗೊಂಡು ಟಿಕೆಟ್ ಕೊಡದ ಕಂಡಕ್ಟರುಗಳನ್ನ ಕಂಡಿದ್ದೀನಿ. ನೀನು ಟಿಕೆಟ್ ಕೊಟ್ಟಿದ್ದೀಯ, ಬಸ್ಸೇ ಇರ್ಲಿಲ್ಲ" ಎಂದರು.

ಗ್ರಾಚ್ಯುಟಿಯ ಮಾತೆತ್ತಿದೆ. "ನಂಗೆ ಪೆನ್ಷನ್ ಬರುತ್ತಲ್ಲೇ, ಇಬ್ರಿಗೆ ಮೀನು ಗಂಜಿಗೆ ಸಾಕು" ಎಂದು ಎದ್ದು ಹೋದರು.

ಸೆಪ್ಟೆಂಬರ್ 29, ಭಾನುವಾರ

ಮಹಾಸಭೆಗೆ ಇನ್ನೂರು ಚಿಲ್ಲರೆ ಸದಸ್ಯರು ಬಂದಿದ್ದರು. ಬಾಗಿಲಲ್ಲಿ ಎಲ್ಲರಿಗೂ ಚಹಾ, ಲಾಡು, ಮಿಕ್ಸ್ಚರ್ ಪೊಟ್ಟಣ. ಮಾಧವಿ ಅಮ್ಮ ಗಂಡನ ಬದಲು ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ಪೊಟ್ಟಣ ತೆರೆಯದೆ ಚೀಲಕ್ಕೆ ಹಾಕಿಕೊಂಡದ್ದು ಕಂಡೆ, ಗಂಡನಿಗೆ.

ಪವಿತ್ರನ್ ವರದಿ ಓದಿದ. ಗಾಜಿನ ಬಾಗಿಲು, ಪ್ರಮಾಣಪತ್ರ, ಚಪ್ಪಾಳೆ. ಆಮೇಲೆ ದನಿ ತಗ್ಗಿಸಿ, ಪೂರ್ಣ ತರಬೇತಿ ಪಡೆದ ಸಿಬ್ಬಂದಿಯೊಬ್ಬಳ ಲೋಪದಿಂದ ಹಿರಿಯ ಸದಸ್ಯರೊಬ್ಬರಿಗೆ ತೊಂದರೆಯಾಗಿದೆ, ಕ್ರಮ ಜರುಗಿಸಲಾಗುತ್ತಿದೆ ಎಂದ.

ನಾನು ಎದ್ದು ನಿಂತೆ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ವನಜಾಕ್ಷಿ ಸಿಸ್ಟರ್, ಸಿಬ್ಬಂದಿ ವಿಷಯ ಇಲ್ಲಿ ಬೇಡ" ಎಂದರು ಮಾಷ್.

"ನಂದೂ ಒಂದು ಷೇರಿದೆ ಮಾಷ್. ಸದಸ್ಯೆಯಾಗಿ ಮಾತಾಡ್ತೀನಿ. ಆ ಹುಡುಗಿಗೆ ತರಬೇತಿ ಆಗಿಲ್ಲ. ಹನ್ನೊಂದು ಜನರಲ್ಲಿ ಒಂಬತ್ತು ಜನಕ್ಕೆ ಆಗಿಲ್ಲ. ಸಹಿ ಹಾಕಿಸಿದ್ದು ನಾನು. ಎರಡು ಬಣ್ಣದ ಪೆನ್ನು ತಂದಿದ್ದೂ ನಾನು. ಅವಳು ಬೇಡ ಅಂದ್ಳು, ನಾನು ಗದರಿಸಿ ಹಾಕಿಸ್ದೆ. ಆ ಪಂಪು ನಂಗೂ ಬರ್ತಿರ್ಲಿಲ್ಲ. ದೂರಿಗೆ ನಾನು ಸಹಿ ಹಾಕಲ್ಲ, ಹಾಕೋದಾದ್ರೆ ಅವಳ ಬದಲು ನನ್ನ ಹೆಸರು ಬರ್ಕೊಂಡು ಬನ್ನಿ."

ಇಷ್ಟೇ. ಇದಕ್ಕಿಂತ ಚೆನ್ನಾಗಿ ಹೇಳಬೇಕೆಂದು ನಾಲ್ಕು ದಿನ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ಸಭೆಯಲ್ಲಿ ಗದ್ದಲವೆದ್ದಿತು. ಯಾರೋ ಗಾಜಿನ ಬಾಗಿಲಿನ ಲೆಕ್ಕ ಕೇಳಿದರು, ಯಾರೋ ನನ್ನನ್ನು ಜೈಲಿಗೆ ಹಾಕಿ ಎಂದರು. ಮಾಷ್ ಗಂಟೆ ಬಾರಿಸುತ್ತಲೇ ಇದ್ದರು. ಪವಿತ್ರನ್ ಕಾಗದಗಳನ್ನು ಜೋಡಿಸುತ್ತ ನನ್ನ ಕಡೆ ನೋಡಲೇ ಇಲ್ಲ. ನಾಳೆ ನನ್ನ ಅಮಾನತಿನ ಆದೇಶ ಬರುತ್ತದೆ. ದೂರನ್ನು ತಡೆಹಿಡಿಯಲು ಸಭೆ ನಿರ್ಣಯ ಮಾಡಿತು. ಜಿಸ್ಮಿಯ ಅನುಭವ ಪತ್ರವನ್ನು ಬೆಳಿಗ್ಗೆಯೇ ಬರೆದು ಅಂಚೆಗೆ ಹಾಕಿದ್ದೇನೆ. ಆಸ್ಪತ್ರೆಯ ಗತಿ ಏನಾಗುತ್ತದೋ ಗೊತ್ತಿಲ್ಲ. ನೂರ ನಲವತ್ತು ಜನರ ಸಂಬಳದ ಪ್ರಶ್ನೆಗೆ ಈಗಲೂ ನನ್ನ ಬಳಿ ಉತ್ತರವಿಲ್ಲ.

ಮೆಟ್ಟಿಲಿಳಿಯುವಾಗ ಮಾಧವಿ ಅಮ್ಮ ಕೆಳಗೆ ಕಾಯುತ್ತಿದ್ದರು. ಬೈಯಲಿ, ಕೈ ಎತ್ತಲಿ ಎಂದುಕೊಂಡು ಎದುರಿಗೆ ಹೋಗಿ ನಿಂತೆ. ಅವರು ಬೈಯಲಿಲ್ಲ. ಬಹಳ ದಣಿದಿದ್ದರು.

"ನಾನು ಕಾವಿನ ಗುಡಿಗೆ ಹೋಗಿ ದೇವರ ಮುಂದೆ ಆ ಹುಡುಗಿ ಮೇಲೆ ದೂರು ಇಟ್ಟು ಬಂದಿದ್ದೀನಿ" ಎಂದರು. "ಅವಳ ಕೈಗೆ ಅನ್ನ ಹತ್ತದಿರ್ಲಿ ಅಂತ. ಯಾರ ಮೇಲೆ ಅಂತ ದೇವರಿಗೆ ತಿಳಿಯೋಕೆ ನಕ್ಷತ್ರ ಹೇಳ್ಬೇಕು, ಅವಳದ್ದು ಗೊತ್ತಿರ್ಲಿಲ್ಲ. ಬರೀ ಹೆಸರು ಹೇಳ್ದೆ."

ಇಳಿಯುವವರಿಗೆ ದಾರಿ ಬಿಡಲು ನಾವಿಬ್ಬರೂ ಗೋಡೆಯ ಕಡೆ ಸರಿದೆವು.

"ನಾಳೆ ಹೋಗಿ ಅದನ್ನ ವಾಪಸ್ ತಗೋಬೇಕು. ಪಾಪ, ಮಗು ಅದು." ನನ್ನ ಮುಖವನ್ನೇ ನೋಡುತ್ತ ಕೇಳಿದರು: "ನಿಮ್ಮ ನಕ್ಷತ್ರ ಯಾವುದು?"

"ವಿಶಾಖ" ಎಂದೆ. ನಮ್ಮ ಮನೆತನದ ಹೆಸರನ್ನೂ ಬಿಡಿಸಿ ಹೇಳಿದೆ. ಈ ಊರಿನಲ್ಲಿ ವನಜಾಕ್ಷಿ ಅನ್ನುವವರು ಇನ್ನೂ ಇಬ್ಬರಿದ್ದಾರೆ.